ಭಂಡಾರ ಬಿದ್ದ ಗ್ವಾಡಿ

ಕಣ್ಣೆದುರಿಗೇ ಗ್ವಾಡಿ ಕೆಂಪಾಗಾಕತ್ತಿತ್ತು.

ಈಗಿನ್ನೂ ಹಾಲಿನಂಗ ಬೆಳ್ಳಗ ಮಾಡಿದ ಪಡಸಾಲಿ ಗ್ವಾಡಿರಿ! ಅಲ್ಲೊಂದು ಇಲ್ಲೊಂದು ಕೆಂಪು ಕಲಿ, ಯಾರೋ ಎಲಿಅಡಿಕಿ ತಿಂದು ಉಗುಳಿದಂಗ...

ನನ್ನ ನೆಗೆಣ್ಣಿ ರತ್ನವ್ವ ನಿಚ್ಚಣಿಕಿ ಮ್ಯಾಲಿಂದ "ಅಯ್ಯ ಶಿವನ!" ಅಂದಳು.

ಇದು ಎಂಬತ್ತರ ದಶಕ ಮುಗಿಯೂ ಹೊತ್ತಿನ ಮಾತು. ಮಂಗಸೂಳ್ಯಾಗ ಅಣ್ಣಾಸಾಹೇಬ ಅನ್ನೋ ದೊಡ್ಡ ಜಮೀನಿನವರ ಮನಿ. ಮರುದಿನ ಅವರ ಮಗನ ಮದುವಿ, ಜುಗೂಳದಿಂದ ಬೀಗರು ಬರೋರಿದ್ರು.

ನಾವಿಬ್ಬರೂ ಉಗಾರದಾಗ ಮನಿಗೆ ಬಣ್ಣಾ ಹಚ್ಚೋ ಧಂದೆ ಶುರು ಮಾಡಿ ಬಹಳ ದಿನ ಆಗಿರಲಿಲ್ಲ. ಹಬ್ಬ ಬಂದ್ರ ಸುಣ್ಣಾ ಹಚ್ಚೋರು ಹೆಂಗಸ್ರ ಅಲ್ಲೇನ್ರಿ? ನಮ್ಮ ಮನ್ಯಾಗ ಪುಕಟ ಮಾಡೋದನ್ನ ಮಂದಿ ಮನ್ಯಾಗ ರೊಕ್ಕಕ್ಕ ಮಾಡಿದ್ರ ತಪ್ಪೇನು ಅಂತ ನನ್ನ ಲೆಕ್ಕ.

ಸಕ್ಕರಿ ಕಾರ್ಖಾನಿ ಮಂದಿ ಹೊಸಾ ಮನಿ ಕಟ್ಟಿಸಾಕತ್ತಿದ್ರು, ಹಂಗಾಗಿ ಕೆಲಸಕ್ಕ ಬರ ಇರಲಿಲ್ಲ. ಸುಣ್ಣಕ್ಕ ಅಂಟು ಹಾಕಿ, ನೀಲಿ ಹಾಕಿ, ಪುಂಡಿ ನಾರಿನ ಕುಂಚದಾಗ ಹೊಡೆದ್ರ, ಗ್ವಾಡಿಗೆ ಒರಗಿ ಕುಂತ್ರೂ ಸೀರಿಗೆ ಹತ್ತಬಾರದು. ಅದ ನಮ್ಮ ಗ್ಯಾರಂಟಿ!

ನಮ್ಮ ಅತ್ತಿಯವರಿಗೆ ಮಾತ್ರ ಇದು ಸುತರಾಂ ಹಿಡಿಸಲಿಲ್ಲ. "ಸೊಸ್ತೇರು ಕಚ್ಚಿ ಹಾಕಿ ನಿಚ್ಚಣಿಕಿ ಏರಿದ್ರ, ಕೆಳಗ ನಿಂತು ಊರ ನಗ್ತೈತಿ" ಅಂತಿದ್ರು.

ಜಗಳಾಡಿ ಜಗಳಾಡಿ ಕಡೀಕ ಒಂದು ಕರಾರಿಗೆ ಬಂದ್ರು. ಮಂಗಸೂಳಿ ಮನಿ ಛಲೋ ಆತಂದ್ರ ಮುಂದ ಮಾಡ್ರಿ... ಹೆಸರು ಕೆಡ್ತಂದ್ರ ಬಕೀಟು ಮೂಲ್ಯಾಗ, ನೀವು ಒಲಿ ಮುಂದ.

ಆ ಮಂಗಸೂಳಿ ಗ್ವಾಡಿನ ಈಗ ಕೆಂಪಾಗಾಕತ್ತಿತ್ತು.

ಆಗಿದ್ದೇನಂದ್ರ, ನಾವು ಕಡೀ ಕೈ ಹೊಡೆದು ಮುಗಿಸೂದಕ್ಕೂ ಆ ಮನಿ ಗಂಡಸ್ರು ಊರ ದೇವರು ಮಲ್ಲಯ್ಯನ ಗುಡಿಯಿಂದ ಬರೂದಕ್ಕೂ ಒಂದ ಆತು. ಪಡಸಾಲ್ಯಾಗ ನಿಂತು ಭಂಡಾರದ ತಾಟು ಎತ್ತಿದವರ "ಏಳಕೋಟಿ ಏಳಕೋಟಿಗೋ!" ಅಂತ ಮುಟಗಿ ಮುಟಗಿ ಹಾರಿಸಿದ್ರು.

ಭಂಡಾರ ಅಂದ್ರ ಅರಿಷಿಣ ಪುಡಿ. ನಮ್ಮ ಸುಣ್ಣ ಇನ್ನೂ ಹಸಿ.

ಅರಿಷಿಣಕ್ಕ ಸುಣ್ಣಾ ಕೂಡಿದ್ರ ಕೆಂಪಾಗತೈತಿ ಅನ್ನೋದು ಕೂಸಿಗೂ ಗೊತ್ತು, ಆರತಿ ನೀರು ಮಾಡೋದ ಹಂಗ. ಮಂಗಸೂಳಿ ಮದುವಿ ಮನ್ಯಾಗ ಭಂಡಾರ ಹಾರತೈತಿ ಅನ್ನೋದೂ ಗೊತ್ತು. ಎರಡೂ ಕೂಡಿಸಿ ನೋಡೋ ಬುದ್ಧಿ ಮಾತ್ರ ಗ್ವಾಡಿ ಕೆಂಪಾದ ಮ್ಯಾಲ ಬಂತು ನೋಡ್ರಿ!

ಅಣ್ಣಾಸಾಹೇಬ್ರಿಗೆ ಸಿಟ್ಟು ಬಂದ್ರ ಬಾಯಾಗ ಮರಾಠಿನ. "ಅರೇ ದೇವಾ, ಹೇ ಕಾಯ್ ಝಾಲಂ, ಇದೇನಾತು!" ಅಂದು ನಮ್ಮ ಕಡೆ ತಿರುಗಿದ್ರು. "ನಾಳೆ ಬೀಗರಿಗೆ ಈ ಗ್ವಾಡಿ ತೋರಸ್ಲೇನವ್ವಾ?"

ಒರಸೂನು ಅಂದ್ರ ಮಲ್ಲಯ್ಯನ ಭಂಡಾರ. ಅದಕ್ಕ ಅರಿವಿ ಹಚ್ಚಿ ಒರಸೋ ಧೈರ್ಯ ಯಾರಿಗೈತ್ರಿ? ಮ್ಯಾಲ ಮತ್ತ ಸುಣ್ಣಾ ಹೊಡಿಯೂನು ಅಂದ್ರ ಇನ್ನಷ್ಟು ಕೆಂಪ.

ಅತ್ತ ದರಿ, ಇತ್ತ ಪುಲಿ.

ಮ್ಯಾಲಿನ ಸುಣ್ಣ ಆಗಲೇ ಆರಿತ್ತು, ಕಲಿ ಬಿದ್ದದ್ದೆಲ್ಲಾ ಸೊಂಟದಿಂದ ಕೆಳಗ ಇತ್ತು. ಅದನ್ನ ನೋಡ್ತಾ ನಿಂತಾಗ ನನ್ನ ಬಾಯಿ ತಾನ ಮಾತಾಡ್ತು. "ಸಾಹೇಬ್ರ, ಮಲ್ಲಯ್ಯ ತಾನ ಬಣ್ಣಾ ಹಚ್ಚಾಕ ಹಿಡದಾನ್ರಿ. ಅರ್ಧಾ ಬಿಟ್ಟು ಹೋಗ್ಯಾನ. ಉಳಿದದ್ದು ನಾವು ಮುಗಸ್ತೀವಿ, ಒಂದೀಟು ಅರಿಷಿಣಾ ಕೊಡಸ್ರಿ."

ಅವರು ಗ್ವಾಡಿ ಸಮೀಪ ಹೋಗಿ ಬಗ್ಗಿ ಕಲಿ ನೋಡಿದ್ರು.

ಮೂಲ್ಯಾಗ ಕುಂತಿದ್ದ ಅವರ ತಾಯಿ, ಎಲ್ಲಾರೂ ಆಯಿ ಅನ್ನೋ ಮುದುಕಿ, ಬೊಚ್ಚ ಬಾಯಿ ತಗದು ನಕ್ರು. "ಹಚ್ಚಲಿ ಬಿಡಪಾ. ದೇವರ ಕೆಲಸಾ ಅರ್ಧಾಕ್ಕ ಬಿಡಬಾರದು."

ಮದುವಿಗಂತ ಕುಟ್ಟಿಟ್ಟ ಅರಿಷಿಣಾನ ಆಯಿ ಬಕೀಟಿಗೆ ಸುರುವಿದ್ರು. ಕಲಿಸಿದಂಗ ಕಲಿಸಿದಂಗ ಸುಣ್ಣ ಕುಂಕುಮ ಆತು! ಸೊಂಟದ ಮಟ ದಾರ ಹಿಡದು ಗೆರಿ ಹೊಡೆದು, ಪಡಸಾಲಿ ಸುತ್ತ ಕೆಂಪು ಪಟ್ಟಿ ಹಚ್ಚಿ ಮುಗಿಸಿದ್ವಿ. ಮ್ಯಾಲ ಬಿಳಿ, ಕೆಳಗ ಕೆಂಪು... ಖರೇ ಹೇಳ್ತೀನಿ, ಮೊದಲಿನಕಿಂತ ಚಂದ ಕಾಣ್ತಿತ್ತು.

ಮದುವಿ ಆಗಿ ವಾರ ಕಳದಿರಬೇಕು, ಜುಗೂಳದ ಬೀಗರು ನಮ್ಮ ಬಾಗಲಕ್ಕ ಬಂದ್ರು. ಕಟ್ಟಿ ಮ್ಯಾಲ ಕುಂತಿದ್ದ ನಮ್ಮ ಅತ್ತಿಯವರಿಗೆ "ಕೆಂಪು ಪಟ್ಟಿ ಹಚ್ಚೋ ಹೆಣಮಕ್ಕಳ ಮನಿ ಇದ ಏನ್ರಿ?" ಅಂದ್ರು.

ನಾನು ಒಳಗಿಂದ ಬಾಗಲಕ್ಕ ಕಿವಿ ಹಚ್ಚಿದೆ.

"ಹೌದ್ರಿ, ನನ್ನ ಸೊಸ್ತೇರ. ಆದ್ರ ಈ ವಾರ ಅವ್ರಿಗೆ ಪುರುಸೊತ್ತಿಲ್ಲ ನೋಡ್ರಿ" ಅಂದ್ರು ನಮ್ಮ ಅತ್ತಿ!

ಯಾವ ಕೆಲಸಾ ಇತ್ರಿ ನಮಗ? ಆ ವಾರ ಪೂರ್ತಿ ಖಾಲಿ ಕುಂತಿದ್ವಿ. ರತ್ನವ್ವ ಸೆರಗು ಬಾಯಾಗ ತುರಕೊಂಡು ನಕ್ಕಳು.

ಆ ಅರಿಷಿಣದ ಕೆಂಪು ಬಹಳ ದಿನ ತಾಳಲಿಲ್ಲ, ಮಾಸಿ ಮಣ್ಣಾತು. ಅಣ್ಣಾಸಾಹೇಬ್ರು ಕರಿಯೂಕಿಂತ ಮೊದಲ ನಾವ ಹೋಗಿ, ಹುರಮಂಜಿನ ಕೆಂಪು ಮಣ್ಣು ಕಲಿಸಿ, ಒಂದು ಪೈಸಾ ಮುಟ್ಟದ ಮತ್ತ ಹಚ್ಚಿ ಬಂದ್ವಿ. ಅದು ಬಾಯಿಂದ ಬಾಯಿಗೆ ಹೋಗಿ ಕಾಗವಾಡ, ಅಥಣಿ ಮಟ ಕೆಲಸಾ ಸಿಕ್ವು.

ತೊಂಬತ್ತರ ದಶಕದಾಗ ಡಿಸ್ಟೆಂಪರ್ ಬಂತು, ಆಯಿಲ್ ಪೇಂಟ್ ಬಂತು. ಅದನ್ನೂ ಕಲತ್ವಿ, ಬ್ಯಾರೆ ಹೆಂಗಸ್ರಿಗೂ ಕಲಿಸಿದ್ವಿ. ಮದುವಿ ಮನಿ ಅಂದ್ರ ನಾನು ಮೊದಲ ಕೇಳೋದು ಒಂದ ಪ್ರಶ್ನಿ: "ಭಂಡಾರ ಯಾವಾಗ ಹಾರಸ್ತೀರಿ?"

ಕೈಯಾಗ ರೊಕ್ಕ ಉಳೀತು. ಕೊಟಗಿಗೆ ಎಮ್ಮಿ ಬಂದ್ವು, ಹೆಂಚು ಹೋಗಿ ಮನಿಗೆ ಸ್ಲ್ಯಾಬ್ ಬಿತ್ತು. ಹೊಸಾ ಗ್ವಾಡಿಗೆ ನಾವ ಬಣ್ಣಾ ಹಚ್ಚಾಕ ನಿಂತ್ವಿ.

ಅವತ್ತ ಪಡಸಾಲ್ಯಾಗ ಕಚ್ಚಿ ಹಾಕಿ ನಿಚ್ಚಣಿಕಿ ಏರಿದೆ. ಜೋಲಿ ತಪ್ಪೀತು ಅಂತ ಕೆಳಗ ಹಣಿಕಿ ಹಾಕ್ತೀನಿ... ನಿಚ್ಚಣಿಕಿ ಎರಡೂ ಕೈಲೆ ಗಟ್ಟಿ ಹಿಡಕೊಂಡು ನಮ್ಮ ಅತ್ತಿ ನಿಂತಾರ!

"ಹೆದರಬ್ಯಾಡ, ಏರು" ಅಂದ್ರು.

ನಿಮ್ಮ ನಿಚ್ಚಣಿಕಿ ಹಿಡದೋರು ಯಾರ್ರಿ?