ಜಲ್ಲಿ ದಾರಿಯ ಗೋಳಿ ಪಲ್ಲೆ

ಲಿಂಗಸುಗೂರಿನ ಒಂದು ಮದುವೆ ಮಂಟಪದ ಮುಂದೆ ಜಲ್ಲಿ ಹಾಸಿದ ದಾರಿಯಿದೆ. ಕಲ್ಲಿನ ಸಂದಿಯಲ್ಲಿ ಎದ್ದ ಕಸ ಕೈಯಿಂದ ಕಿತ್ತರೆ ಬುಡ ಅಲ್ಲೇ ಉಳಿಯುತ್ತದೆ. ಅದಕ್ಕೇ ಕಸದ ಎಣ್ಣಿ, ಅಂದರೆ ಕಳೆ ಸಾಯಿಸುವ ವಿಷ, ಹೊಡೆಯಲು ನನ್ನನ್ನು ಕರೆಸಿದ್ದರು. ಬೆಳಿಗ್ಗೆಯೇ ಕೆಲಸ ಮುಗಿಸಿ, ಸಾಬೂನು ಹಚ್ಚಿ ಕೈಕಾಲು ತೊಳೆದೆ. ಮಂಟಪದ ವಾಚ್‌ಮನ್‌ನ ಹೆಂಡತಿ ಹುಲಿಗೆಮ್ಮ ಊಟಕ್ಕೆ ಕರೆದಳು. ಬಿಸಿ ಜೋಳದ ರೊಟ್ಟಿ, ಗೋಳಿ ಸೊಪ್ಪಿನ ಪಲ್ಲೆ. ಅರ್ಧ ರೊಟ್ಟಿ ಇಳಿದ ಮೇಲೆ ಕೇಳಿದೆ.

"ಪಲ್ಲೆ ಭಾರಿ ರುಚಿ ಐತಿ ಯಕ್ಕಾ. ಸಂತ್ಯಾಗ ತಂದಿದ್ದೇನು?"

"ಸಂತಿ ಯಾಕ್ರಿ ಅಣ್ಣಾ? ನಮ್ಮ ಜಲ್ಲಿ ದಾರ್ಯಾಗಿಂದ ಕಿತ್ಕಂಡ್ ಬಂದೀನಿ."

ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. ಬಾಯಲ್ಲಿದ್ದುದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಮತ್ಯಾರು ಉಂಡಾರ ಇದನ್ನ?"

"ನಮ್ಮತ್ತಿ ಉಂಡು ಮಲಗ್ಯಾಳ."

ಎದ್ದವನೇ ಒಳಗೆ ಓಡಿ ಮುದುಕಿಯ ಭುಜ ಹಿಡಿದು ಅಲುಗಾಡಿಸಿದೆ. ಆಕೆ ಕಣ್ಣು ಬಿಟ್ಟು, "ಯಾರೋ ನೀ? ಉಂಡ ಮ್ಯಾಲ ಒಂದೀಟು ಮಲಗಾಕೂ ಬಿಡಲ್ಲೇನು?" ಎಂದು ಬೈದಳು.

ಹಿಂದೆಯೇ ಬಂದ ಹುಲಿಗೆಮ್ಮ ಗಾಬರಿಯಿಂದ, "ಏನಾತ್ರಿ ಅಣ್ಣಾ? ಎಣ್ಣಿ ಹೊಡಿಯಾಕ ಬರ್ತಾರಂತ ಗೊತ್ತಿತ್ತು, ಅದಕ್ಕ ನಿನ್ನಿ ಸಂಜೀಗೇ ಕಿತ್ತಿಟ್ಟಿದ್ದೆ" ಎಂದಳು.

ಹೊರಗೆ ಬಂದು ತಾಟಿನಲ್ಲಿ ಬಿಟ್ಟಿದ್ದ ಅರ್ಧ ರೊಟ್ಟಿ ಮುಗಿಸಿದೆ.

ಆಮೇಲಿಂದ ಎಲ್ಲೇ ಹೋದರೂ ಎಣ್ಣಿ ಕಲಸುವ ಮೊದಲು, ಸೊಪ್ಪು ಬೇಕಾದವರು ಈಗಲೇ ಕಿತ್ತುಕೊಳ್ಳಿ ಎಂದು ಒಮ್ಮೆ ಕೂಗಿ ಹೇಳುತ್ತೇನೆ. ಹೋದ ವಾರ ಮಸ್ಕಿಯಲ್ಲಿ ಹಾಗೆ ಕೂಗಿದ್ದಕ್ಕೆ ಮೂವರು ಹೆಂಗಸರು ಬುಟ್ಟಿ ಹಿಡಿದು ಬಂದರು. ಅವರು ಸೊಪ್ಪೆಲ್ಲ ಕಿತ್ತುಕೊಂಡು ಹೋದ ಮೇಲೆ ಎಣ್ಣಿ ಹೊಡೆಯಲು ನನ್ನ ಪಾಲಿಗೆ ಉಳಿದದ್ದು ಬರೀ ಕಲ್ಲು.