ಎರಡು ನಿಮಿಷ ಹಿಂದಿನ ವಾಚು

ಮಧುಗಿರಿಯ ಖಾಸಗಿ ಬಸ್ ಸ್ಟ್ಯಾಂಡಿಗೆ ಕಾಲಿಟ್ಟರೆ ಈಗಲೂ ಅದೇ ವಾಸನೆ, ಡೀಸೆಲ್ ಹೊಗೆಯೊಳಗೆ ಬೆರೆತ ಹುರಿದ ಕಡಲೆಕಾಯಿಯದು. ತಳ್ಳುಗಾಡಿಯವನು ಬಾಣಲೆಯ ಮರಳಿನಲ್ಲಿ ಕಾಯಿ ಮಗುಚುವ ಸದ್ದು ಕೇಳಿದ ಕೂಡಲೇ ನನ್ನ ಕಿವಿ ಒಂದು ಸೀಟಿಗಾಗಿ ಕಾಯತೊಡಗುತ್ತದೆ. ಆ ಸೀಟಿ ನಮ್ಮ ತಾತನದು. ನಿಮಗೂ ಇಂಥದ್ದೊಂದು ಇದ್ದೀತು. ಹೋದವರ ಕೆಮ್ಮೋ, ಚಪ್ಪಲಿಯ ಸದ್ದೋ, ಇನ್ನು ಕೇಳುವುದಿಲ್ಲ ಅಂತ ಗೊತ್ತಿದ್ದೂ ಕಿವಿ ಹಟ ಬಿಡುವುದಿಲ್ಲ. ತಾತ ಆ ಸ್ಟ್ಯಾಂಡಿನ ಟೈಂ ಕೀಪರ್ ಆಗಿದ್ದ. ಬಸ್ ಮಾಲೀಕರ ಸಂಘದವರು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಶಿರಾಕ್ಕೋ, ಕೊರಟಗೆರೆಗೋ, ಪಾವಗಡಕ್ಕೋ ಹೋಗುವ ಬಸ್ಸು ಯಾವ ನಿಮಿಷಕ್ಕೆ ಜಾಗ ಖಾಲಿ ಮಾಡಬೇಕು ಅಂತ ವಾಚು ನೋಡಿ ಸೀಟಿ ಊದುವುದು ಅವನ ಕೆಲಸ. ಕೇಳಲು ಹಗುರ. ಆದರೆ ಒಂದು ಬಸ್ಸು ಒಂದು ನಿಮಿಷ ತಡೆದು ಹೊರಟರೆ ಹಿಂದಿನ ಬಸ್ಸಿಗೆ ಸೇರಬೇಕಾದ ಜನವೆಲ್ಲ ಅದಕ್ಕೇ ಹತ್ತಿಬಿಡುತ್ತಾರೆ. ಆ ಒಂದು ನಿಮಿಷಕ್ಕೆ ಕಂಡಕ್ಟರುಗಳು ಕಾಲರು ಹಿಡಿಯುತ್ತಿದ್ದರು, ಡ್ರೈವರುಗಳು ಅವ್ವ ಅಕ್ಕನನ್ನೂ ಸೇರಿಸಿ ಬೈಯುತ್ತಿದ್ದರು. ತಾತ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಡಗೈ ಎತ್ತಿ ವಾಚು ನೋಡುವನು, ಸೀಟಿ ಊದುವನು, ಅಷ್ಟೇ. ಬಸುರಿ ಓಡಿಬರಲಿ, ಮಾಲೀಕನ ಭಾಮೈದನೇ ಕೈ ಬೀಸಲಿ, ಸೀಟಿ ಆದಮೇಲೆ ಚಕ್ರ ಉರುಳಬೇಕು. ಊರೆಲ್ಲ ಅವನನ್ನು ದ್ವೇಷಿಸಿತು, ಅಷ್ಟೇ ನಂಬಿತು ಕೂಡ.

ನಮ್ಮ ಮನೆಯ ಜಗಳ ಹುಟ್ಟಿದ್ದೂ ಅದೇ ಸೀಟಿಯಿಂದ. ನಮ್ಮೂರು ಐ.ಡಿ.ಹಳ್ಳಿ ದಾರಿಯಲ್ಲಿ. ನನಗೆ ಆರು ವರ್ಷವಿದ್ದಾಗ ಅಜ್ಜಿ ಊರಿನಲ್ಲಿ ಜ್ವರ ಹಿಡಿದು ಮಲಗಿದ್ದಳು. ಆವತ್ತು ಮಧ್ಯಾಹ್ನ ಅವಳ ಉಸಿರು ಎಳೆಯತೊಡಗಿತು ಅಂತ ಅಪ್ಪ ಪಾವಗಡದ ಹತ್ತಿರ ತಿರುಮಣಿಗೆ ಕೊಟ್ಟಿದ್ದ ತನ್ನ ತಂಗಿಗೆ, ನನ್ನ ಅತ್ತೆಗೆ, ಫೋನು ಮಾಡಿದ. ತಾತನಿಗೂ ಮಾಡಿದ. ತಾತನಿಗೆ ಅದು ಎಂದಿನ ಜ್ವರವೇ ಅನ್ನಿಸಿರಬೇಕು, ಡ್ಯೂಟಿ ಮುಗಿಸಿಕೊಂಡು ಬರುತ್ತೇನೆ ಅಂದ. ಅತ್ತೆ ಪಾವಗಡದಲ್ಲಿ ಬಸ್ಸು ಹತ್ತುವ ಮುಂಚೆ ಸಂಘದ ಆಫೀಸಿಗೆ ಫೋನು ಮಾಡಿ, ಐ.ಡಿ.ಹಳ್ಳಿಯ ಆರೂ ಹತ್ತರ ಬಸ್ಸನ್ನು ನಾನು ಬರುವ ತನಕ ನಿಲ್ಲಿಸು ಅಂತ ತಾತನಿಗೆ ಹೇಳಿದಳು. ಆ ದಾರಿಗೆ ಅದೇ ಆ ದಿನದ ಕೊನೆಯ ಬಸ್ಸು. ಅವಳ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗ ಆರೂ ಹನ್ನೊಂದು. ಐ.ಡಿ.ಹಳ್ಳಿ ಬಸ್ಸಿನ ಬೆನ್ನು ಆಚೆ ಗೇಟಿನಲ್ಲಿ ಮರೆಯಾಗುವುದನ್ನು ಅವಳು ಕಿಟಕಿಯಿಂದಲೇ ಕಂಡಳು. ತಾತ ನಿಲ್ಲಿಸಿರಲಿಲ್ಲ. ಅಷ್ಟೇ ಆಗಿದ್ದರೂ ಅವಳು ಮರೆಯುತ್ತಿದ್ದಳೋ ಏನೋ. ಆಮೇಲೆ ಶಿರಾದ ಬಸ್ಸು, ಕೊರಟಗೆರೆಯ ಬಸ್ಸು ಬಿಡುವ ತನಕ ಮಗಳನ್ನು ಸಿಮೆಂಟು ಬೆಂಚಿನ ಮೇಲೆ ಕೂರಿಸಿದ. ಅದಾದ ಮೇಲೆ ಮೊಪೆಡ್ಡಿನ ಹಿಂದೆ ಹತ್ತಿಸಿಕೊಂಡು ಹೊರಟ. ತಾತ, ಅತ್ತೆ ಮನೆ ಮುಂದೆ ಇಳಿಯುವ ಹೊತ್ತಿಗೆ ಅಜ್ಜಿಯ ತಲೆದೆಸೆಯಲ್ಲಿ ದೀಪ ಹಚ್ಚಿಯಾಗಿತ್ತು. ಬಸ್ಸಿಗೆ ಬಂದಿದ್ದರೆ ಮುಖ ಸಿಗುತ್ತಿತ್ತು ಅಂತ ಯಾರೋ ಹೆಂಗಸು ಅಂದುಬಿಟ್ಟಳು. ಆ ಮಾತನ್ನು ಅತ್ತೆ ಸೆರಗಿಗೆ ಗಂಟು ಹಾಕಿಕೊಂಡಳು.

ಅಲ್ಲಿಂದಾಚೆಗೆ ನಮ್ಮದು ಮನೆಯಾಗಿ ಉಳಿಯಲಿಲ್ಲ. ಅತ್ತೆ ತಾತನನ್ನು ಅಪ್ಪಾ ಅನ್ನುವುದು ಬಿಟ್ಟಳು. 'ಆ ಮನುಷ್ಯ' ಅನ್ನತೊಡಗಿದಳು. ವರ್ಷಕ್ಕೊಮ್ಮೆ ಹಿರಿಯರ ಹಬ್ಬಕ್ಕೆ ಬರುವಳು, ಅಜ್ಜಿಯ ಎಡೆಗೆ ಸೀರೆ ಇಡುವಳು, ಆದರೆ ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ತಿರುಮಣಿಯಿಂದಲೇ ಒಂದು ಸ್ಟೀಲು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬಂದು, ನಡುಮನೆಯಲ್ಲಿ ಎಲ್ಲರ ಕಣ್ಣೆದುರು ಗಟಗಟ ಕುಡಿದು, ಮುಚ್ಚಳ ತಿರುಗಿಸಿ ಹೊರಡುವಳು. ಅಪ್ಪನಿಗೆ ಆ ಬಾಟಲಿ ಕಂಡರೆ ಮೈ ಉರಿಯುತ್ತಿತ್ತು. ಹೆತ್ತವ್ವನ ಹೆಸರಲ್ಲಿ ಮನೆ ಮಾನ ಕಳೆಯುತ್ತಾಳೆ ಅಂತ ಅವಳ ಜೊತೆ ಮಾತೇ ನಿಲ್ಲಿಸಿದ. ಅಣ್ಣ ತಂಗಿ ಏನು ಹೇಳಬೇಕಾದರೂ ನನ್ನ ಬಾಯಲ್ಲಿ ಹೇಳಿಸುತ್ತಿದ್ದರು, ಎದುರೆದುರೇ ಕೂತು. ತಾತ ಮಾತ್ರ ಏನೂ ಆಗದವನಂತೆ ಬೆಳಿಗ್ಗೆ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಹೋಗುವನು. ಆದರೆ ಸ್ಟ್ಯಾಂಡಿನಲ್ಲಿ ಅವನ ಹೆಸರು ಕೆಟ್ಟಿತು. ಬಸ್ಸುಗಳು ತಡವಾಗಿ ಹೊರಡುತ್ತವೆ, ಮುಂದಿನ ಸ್ಟ್ಯಾಂಡಿನಲ್ಲಿ ನಮಗೆ ದಂಡ ಹಾಕುತ್ತಾರೆ, ಮುದುಕನ ವಾಚು ಸ್ಲೋ ಆಗಿದೆ, ರಿಪೇರಿ ಮಾಡಿಸು ಅಂದರೆ ಮಾಡಿಸಲ್ಲ ಅಂತ ಡ್ರೈವರುಗಳು ಮಾಲೀಕರಿಗೆ ದೂರು ಕೊಟ್ಟರು. ರಜೆಯಲ್ಲಿ ತಾತನಿಗೆ ಬುತ್ತಿ ಕೊಡಲು ಹೋದಾಗ ಅವರು ನನ್ನನ್ನೂ ಬಿಡುತ್ತಿರಲಿಲ್ಲ. "ಲೇ ಪುಟ್ಟಿ, ನಿಮ್ಮ ತಾತನ್ ವಾಚಿಗೆ ಒಸಿ ಮುದ್ದೆ ತಿನ್ಸವ್ವ, ನಡ್ಯಾಕೇ ಆಗ್ತಿಲ್ಲ ಅದ್ಕೆ" ಅಂತ ನಗುತ್ತಿದ್ದರು. ನನಗೆ ಹನ್ನೊಂದು ತುಂಬುವ ಹೊತ್ತಿಗೆ ಸಂಘದವರು, ವಯಸ್ಸಾಯಿತು, ಸಾಕು ಮಾಡು ಅಂದರು. ಮರ್ಯಾದೆಗೆ ಅದನ್ನು ನಿವೃತ್ತಿ ಅಂತ ಕರೆದು, ಬೀಳ್ಕೊಡುಗೆ ಸಮಾರಂಭ ಅಂತ ಬ್ಯಾನರು ಬರೆಸಿದರು. ಆ ಮಾಲೀಕರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಸುದ್ದಿ ತಿಳಿದ ವಾರಕ್ಕೆ ಅತ್ತೆ ಬಂದಳು. ತಿರುಮಣಿಯ ಅವರ ಹೊಲವನ್ನು ಸೋಲಾರಿನವರು ಗುತ್ತಿಗೆಗೆ ತೆಗೆದುಕೊಂಡಿದ್ದರು, ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಆ ಮನುಷ್ಯನಿಗೆ ನನ್ನ ಕಡೆಯಿಂದ ಒಂದು ವಾಚು ಕೊಡುತ್ತೇನೆ, ಈ ಸೀಮೆಯಲ್ಲಿ ಯಾರೂ ಕಟ್ಟಿರಬಾರದು ಅಂಥದ್ದು, ಅಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇಬ್ಬರೂ ರಾಜಿಯಾದರು ಅಂತಲೇ ತಿಳಿದೆ. ಕೈ ಅಳತೆ ಬೇಕು ಅಂದಾಗ, ತಾತ ಮಧ್ಯಾಹ್ನ ವಾಚು ಬಿಚ್ಚಿಟ್ಟು ಜಗುಲಿಯಲ್ಲಿ ಮಲಗಿದ್ದ ಹೊತ್ತು ನೋಡಿ ಹೂ ಕಟ್ಟುವ ದಾರವನ್ನು ಅವನ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿ ತಂದೆ. ಹಳೆಯ ವಾಚಿನ ಪಟ್ಟಿ ಕೂತಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಎಳೆಯದಾಗಿ, ಬೇರೆ ಯಾರದೋ ಕೈಯಂತಿತ್ತು.

ಅತ್ತೆ ನನ್ನನ್ನೂ ಕರೆದುಕೊಂಡು ಹೋದ ತುಮಕೂರಿನ ವಾಚಿನ ಅಂಗಡಿಯೊಳಗಿನ ಚಳಿ ಇನ್ನೂ ನನ್ನ ಮೈಗೆ ನೆನಪಿದೆ. ಗಾಜಿನ ಮೇಜು, ಅದರ ಮೇಲೆ ನೀಲಿ ಮಖಮಲ್ಲಿನ ಬಟ್ಟೆ, ಬಿಳಿ ಕೈಗವಸು ತೊಟ್ಟ ಹುಡುಗ. ಅತ್ತೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಹುಡುಗ ಮೊದಲು ತೆಗೆದದ್ದು ಎಲ್ಲಕ್ಕಿಂತ ಬೆಲೆಯ ವಾಚು. ಅದರ ಬೆನ್ನು ಗಾಜಿನದು, ಒಳಗೆ ಚಿನ್ನದ ಬಣ್ಣದ ಚಕ್ರಗಳು ಉಸಿರಾಡುತ್ತಿದ್ದವು. ನಾನು ಸೋತೇಹೋದೆ, ಇದೇ ಬೇಕು ಅಂದೆ. ಅತ್ತೆ ಬೆಲೆ ಕೇಳಲಿಲ್ಲ. "ಇದು ಒಂದು ನಿಮಿಷಾನೂ ತಪ್ಪಲ್ಲ ಕದಾ?" ಅಂತ ಪಾವಗಡದ ಕಡೆಯ ತೆಲುಗು ಬೆರೆಸಿ ಕೇಳಿದಳು. ಹುಡುಗ ಪ್ರಾಮಾಣಿಕ. ಇದು ಕೀಲಿ ಕೊಡುವ ಯಂತ್ರದ್ದು, ದಿನಕ್ಕೆ ಕೆಲವು ಸೆಕೆಂಡು ಹಿಂದೆ ಮುಂದೆ ಆಗುತ್ತದೆ, ಬೇಕು ಅನ್ನುವವರು ಅದರ ಕೆಲಸಗಾರಿಕೆಗೆ ಕೊಳ್ಳುತ್ತಾರೆ, ಟೈಮಿಗಲ್ಲ ಅಂದ. ಅತ್ತೆ ಅದನ್ನು ಎರಡು ಬೆರಳಿನಿಂದ ಆಚೆ ತಳ್ಳಿದಳು. "ಬ್ಯಾಡಪ್ಪಾ. ನಮ್ಮನೇಲಿರೋ ಮನುಷ್ಯಂಗೆ ಒಂದು ನಿಮಿಷ ಹೆಚ್ಚುಕಮ್ಮಿ ಆದ್ರೆ ಪ್ರಾಣ ಹೋಯ್ತದೆ. ತಪ್ಪದೇ ಇರೋದ್ ತೋರ್ಸು." ಹುಡುಗ ಮೆಚ್ಚಿ ತಲೆದೂಗಿದ. ಸೆಲ್ ಹಾಕುವ, ಅಂಚಿಗೆ ಚಿನ್ನ ಹೊದಿಸಿದ, ಪರದೇಶದ್ದೊಂದನ್ನು ತೆಗೆದ. ವರ್ಷಕ್ಕೆ ಹತ್ತು ಸೆಕೆಂಡೂ ತಪ್ಪದು ಅಂದ. ಅತ್ತೆಯ ಮುಖದಲ್ಲಿ ಆಗ ಮೂಡಿದ್ದು ನಗುವೇ ಅಂತ ನಾನು ನಂಬಿದ್ದೆ. ನನ್ನ ದಾರದ ಗಂಟಿಗೆ ಸರಿಯಾಗಿ ಪಟ್ಟಿಯ ಕೊಂಡಿ ತೆಗೆಸಿದೆವು. ದಾರಿಯುದ್ದಕ್ಕೂ ಡಬ್ಬಿ ನನ್ನ ತೊಡೆಯ ಮೇಲಿತ್ತು.

ಸಮಾರಂಭಕ್ಕೆ ಸ್ಟ್ಯಾಂಡಿನಲ್ಲೇ ಶಾಮಿಯಾನ ಹಾಕಿದ್ದರು. ಕಾಲರು ಹಿಡಿದವರೇ ಹಾರ ಹಾಕಿದರು, ಬೈದವರೇ ಮೈಕಿನಲ್ಲಿ ಹೊಗಳಿದರು. ಅತ್ತೆ ವೇದಿಕೆ ಹತ್ತಿ, ತಾತನ ಕೈ ಹಿಡಿದು, ಹಳೆಯ ವಾಚನ್ನು ತಾನೇ ಬಿಚ್ಚಿ ಹೊಸದನ್ನು ಕಟ್ಟಿದಳು. ಆಮೇಲೆ ಮೈಕಿಗೆ ಬಾಯಿಟ್ಟು ನಿಧಾನವಾಗಿ ಅಂದಳು: "ಇದು ಯಾರಿಗೂ ಕಾಯಲ್ಲ. ಸಾಯೋರಿಗೂ ಕಾಯಲ್ಲ. ನಿಂಗೆ ಸರ್ಯಾಗಿ ಹೊಂದ್ತದೆ." ಜನ ಚಪ್ಪಾಳೆ ತಟ್ಟಿದರು. ಟೈಂ ಕೀಪರಿಗೆ ಮಗಳ ಮೆಚ್ಚುಗೆ ಅಂದುಕೊಂಡಿರಬೇಕು. ಮುಂದಿನ ಸಾಲಿನಲ್ಲಿದ್ದ ಅಪ್ಪ ಕುರ್ಚಿ ಒದ್ದು ಎದ್ದುಹೋದ. ತಾತ ಕೈ ಮುಗಿದುಕೊಂಡೇ ನಿಂತಿದ್ದ, ಚಿನ್ನದ ಅಂಚು ಬಿಸಿಲಿಗೆ ಹೊಳೆಯುತ್ತಿತ್ತು. ದಾರದಲ್ಲಿ ಅಳತೆ ತಂದವಳು ನಾನು. ಆ ಚುಚ್ಚುಮಾತಿಗೆ ಹಿಡಿ ಹಾಕಿಕೊಟ್ಟವಳು ನಾನೇ ಅಂತ ಹನ್ನೊಂದು ವರ್ಷದವಳಿಗೂ ಅರ್ಥವಾಯಿತು.

ಮನೆಗೆ ಬಂದು ತಾತ ಜಗುಲಿಯಲ್ಲಿ ಕೂತ. ನಾನು ಅವನ ಮುಖ ನೋಡಲಾರದೆ ಕಂಬ ಹಿಡಿದು ನಿಂತಿದ್ದೆ. ಅವನು ವಾಚು ಬಿಚ್ಚಿದ, ಕಿವಿಗೆ ಹಿಡಿದ, ಪಕ್ಕದ ತಿರುಪನ್ನು ಉಗುರಿನಿಂದ ಎಳೆದು ಮುಳ್ಳನ್ನು ಹಿಂದಕ್ಕೆ ತಿರುಗಿಸಿದ. ಹಳೆಯದನ್ನು ಪಕ್ಕದಲ್ಲಿಟ್ಟು ಎರಡನ್ನೂ ಹೊಂದಿಸಿದ. ಸರಿಯಾಗಿ ಎರಡು ನಿಮಿಷ ಹಿಂದೆ. ತಾತ, ಟೈಂ ತಪ್ಪಾಗುತ್ತೆ ಅಂದೆ. "ಇರ್ಲಿ ಬುಡವ್ವ" ಅಂದ, ರಸ್ತೆ ಕಡೆ ನೋಡುತ್ತಾ. "ಯಾರಾರ ಓಡ್ಬತ್ತಾ ಇರ್ತಾರೆ." ಹಾಗಾದರೆ ಹಳೆಯ ವಾಚು ಕೆಟ್ಟಿರಲಿಲ್ಲ. ಯಾವತ್ತಿನಿಂದ ಹೀಗೆ ಅಂತ ನಾನು ಕೇಳಲಿಲ್ಲ. ಡ್ರೈವರುಗಳು ಮುದುಕನ ವಾಚು ಸ್ಲೋ ಅನ್ನತೊಡಗಿದ್ದು ಅಜ್ಜಿಯ ತಿಥಿ ಮುಗಿದ ತಿಂಗಳಿನಿಂದ ಅಂತ ನಮ್ಮವ್ವ ಆಮೇಲೆ ಲೆಕ್ಕ ಹಾಕಿ ಹೇಳಿದಳು. ಐದು ವರ್ಷ ಬೈಸಿಕೊಂಡು, ಕೊನೆಗೆ ಅದಕ್ಕೇ ಕೆಲಸ ಕಳೆದುಕೊಂಡ. ಒಬ್ಬರಿಗೂ ಹೇಳಲಿಲ್ಲ.

ಇದನ್ನು ಅತ್ತೆಗೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಿದ್ದೆ. ಕಾಲೇಜಿಗೆ ಸೇರಿದ ವರ್ಷ ಒಬ್ಬಳೇ ತಿರುಮಣಿಗೆ ಹೋದೆ. ಶೇಂಗಾ ಬೆಳೆಯುತ್ತಿದ್ದ ಅವರ ಹೊಲ ಕಣ್ಣು ಹಾಯುವ ತನಕ ಸೋಲಾರಿನ ಕಪ್ಪು ಗಾಜಾಗಿತ್ತು. ಅತ್ತೆ ಬೇಲಿಯ ಈಚೆ ಕಲ್ಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಮುಖ ಸಡಿಲವಾಗಲಿಲ್ಲ. "ಊರೋರ್ಗೆಲ್ಲ ಎರಡೆರಡು ನಿಮಿಷ ಕಾದ. ನಂಗೆ ಒಂದು ಕಾಯ್ಲಿಲ್ಲ ಕದಮ್ಮಾ. ಇದನ್ನ ಹೇಳಾಕಾ ಅಲ್ಲಿಂದ ಬಂದೆ ನೀನು? ಇದಕ್ಕಿಂತ ಆವಯ್ಯ ಕಲ್ಲೇ ಅನ್ಕಂಡಿದ್ರೆ ನಂಗೆ ಸುಖವಾಗಿತ್ತು." ಊಟಕ್ಕೆ ಏಳು ಅನ್ನಲಿಲ್ಲ. ಬಸ್ಸು ಹತ್ತುವಾಗ ನನಗೂ ಅವಳ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಅವಳು ಹೇಳಿದ್ದು ನಿಜ ಅನ್ನುವುದು ಆ ಸಿಟ್ಟಿನ ಅರ್ಧ.

ತಾತ ಒಂದು ಭಾನುವಾರ ಬೆಳಿಗ್ಗೆ ಹೋದ. ಕೈಯಿಂದ ವಾಚು ಬಿಚ್ಚಿದವಳು ನಾನು, ಎಲ್ಲಿಡುವುದೆಂದು ತಿಳಿಯದೆ ನನ್ನ ಕೈಗೇ ಕಟ್ಟಿಕೊಂಡೆ. ಅಪ್ಪ ತಂಗಿಗೆ ತಾನು ಫೋನು ಮಾಡಲಿಲ್ಲ, ನನ್ನಿಂದ ಮಾಡಿಸಿದ. ನಾಲ್ಕೂವರೆಗೆ ರಾಹುಕಾಲ, ಅದಕ್ಕೆ ಮುಂಚೆ ಎತ್ತಬೇಕು ಅಂತ ಊರಿನ ಹಿರಿಯರು ಆತುರ ಮಾಡುತ್ತಿದ್ದರು. ಅತ್ತೆ ಇನ್ನೂ ದಾರಿಯಲ್ಲಿದ್ದಳು. ಅವಳಿಗೆ ಯಾಕೆ ಕಾಯಬೇಕು ಅಂತ ಅಪ್ಪ ಚಟ್ಟದ ಬಿದಿರಿಗೆ ಹೆಗಲು ಕೊಟ್ಟುಬಿಟ್ಟ. ನಾಲ್ಕು ಜನ ಎತ್ತಿಯೂ ಆಗಿತ್ತು. ಯಾರೋ ಮೊಬೈಲು ನೋಡಿ, ನಾಲ್ಕೂವರೆ ಆಗೇಹೋಯಿತು, ನಡೆಯಿರಿ ಅಂದರು. ನಾನು ಕೈ ಮುಂದೆ ಮಾಡಿ, ಅಪ್ಪಾ, ತಾತನ ವಾಚಲ್ಲಿ ಇನ್ನೂ ಎರಡು ನಿಮಿಷ ಇದೆ ಅಂದೆ. ಎಲ್ಲರೂ ನನ್ನನ್ನು ಗದರಿಸಲು ತಿರುಗಿದರು. ಅಪ್ಪ ಹೆಗಲು ಕೊಟ್ಟುಕೊಂಡೇ ನನ್ನ ಕೈಯನ್ನು ನೋಡಿದ, ತುಂಬ ಹೊತ್ತು ನೋಡಿದ ಹಾಗೆ ನನ್ನ ನೆನಪು. "ಅಪ್ಪನ್ ವಾಚ್ನಾಗೆ ಐತೆ ಅಂದ್ರೆ ಐತೆ" ಅಂದ. "ಇಳಿಸ್ರಿ."

ಆ ಎರಡು ನಿಮಿಷದೊಳಗೆ ಕಾರೊಂದು ಬೀದಿಯ ಮೂಲೆಗೆ ಬಂದು ನಿಂತಿತು. ಅತ್ತೆ ಓಡಿಬಂದಳು, ಬರಿಗಾಲಲ್ಲಿ, ಕಂಕುಳಲ್ಲಿ ಅದೇ ಸ್ಟೀಲು ಬಾಟಲಿ. ಅಳಲಿಲ್ಲ. ಯಾರೋ ಕೊಟ್ಟ ನಮ್ಮ ಮನೆಯ ಹಾಲಿನ ಲೋಟವನ್ನು ಪಕ್ಕಕ್ಕಿಟ್ಟು, ಬಾಟಲಿಯ ಮುಚ್ಚಳ ತಿರುಗಿಸಿ, ತಾತನ ತುಟಿಗೆ ತನ್ನ ನೀರನ್ನು ಮೂರು ಸಲ ಬಿಟ್ಟಳು. ಅಪ್ಪ ನೋಡುತ್ತಿದ್ದ. ಏಳುವಾಗ ಅವಳ ಕಣ್ಣು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ತನ್ನ ಕೈಯ ಪುಟ್ಟ ವಾಚನ್ನೂ ನೋಡಿಕೊಂಡಳು. "ಇದು ಹಿಂದೈತೆ ಕಣಮ್ಮ" ಅಂದಳು. ಹೂಂ ಅತ್ತೆ ಅಂದೆ. ಸರಿಮಾಡಿಕೋ ಅಂತ ಅವಳು ಹೇಳಲಿಲ್ಲ.

ರಸ್ತೆ ಅಗಲ ಮಾಡಿದಾಗ ಆ ಮನೆಯ ಜಗುಲಿ, ಕಂಬ, ನಡುಮನೆಯ ಅರ್ಧ ಹೋಯಿತು. ಉಳಿದದ್ದನ್ನು ಅಪ್ಪನೇ ಕೆಡವಿಸಿದ. ಅಣ್ಣ ತಂಗಿ ಈಗಲೂ ಮಾತಾಡುವುದಿಲ್ಲ. ವಾಚು ನನ್ನ ಹತ್ತಿರವಿದೆ. ಸೆಲ್ ಮುಗಿದಾಗ ಶಿರಾದ ಒಬ್ಬ ಸಾಬರ ಅಂಗಡಿಗೆ ಒಯ್ಯುತ್ತೇನೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೊಸ ಸೆಲ್ ಹಾಕಿ, ಸೆಕೆಂಡು ಸಮೇತ ಟೈಂ ಕೂಡಿಸಿ ಕೊಡುತ್ತಾರೆ. ನಾನು ಅವರೆದುರಿಗೇ ತಿರುಪು ಎಳೆದು ಎರಡು ನಿಮಿಷ ಹಿಂದಕ್ಕೆ ಇಡುತ್ತೇನೆ. "ಕ್ಯಾ ಬೇಟಿ, ಇಂಥಾ ವಾಚನ್ನ ಹಿಂಗ್ ಖರಾಬ್ ಮಾಡ್ತೀಯಲ್ಲಾ" ಅಂತ ಅವರು ಪ್ರತಿ ಸಲ ನೊಂದುಕೊಳ್ಳುತ್ತಾರೆ. ಕಳೆದ ವಾರ ಅಲ್ಲಿಂದ ಬರುವಾಗ ಮಧುಗಿರಿಯಲ್ಲಿ ಇಳಿದೆ. ತಾತ ನಿಲ್ಲುತ್ತಿದ್ದ ಜಾಗದಲ್ಲಿ ಕೆಂಪು ಅಂಕಿಗಳ ಗಡಿಯಾರ ತೂಗುಹಾಕಿದ್ದಾರೆ. ಅದು ಆರೂ ಹತ್ತು ತೋರಿಸಿತು, ಐ.ಡಿ.ಹಳ್ಳಿ ಬಸ್ಸು ಹೊರಟಿತು. ಕಡಲೆಕಾಯಿಯ ಹೊಗೆಯೊಳಗಿಂದ ಒಬ್ಬ ಹೆಂಗಸು ಚೀಲ ಎದೆಗವಚಿಕೊಂಡು ಅದರ ಹಿಂದೆ ಓಡಿದಳು. ನನ್ನ ಕೈಯಲ್ಲಿ ಇನ್ನೂ ಆರೂ ಎಂಟು. ಅವಳು ಹತ್ತಿಕೊಂಡಾಳು ಅಂತ ನಾನು ನಿಂತು ನೋಡುತ್ತಿದ್ದೆ.