ಕಾಣದ ನಂಟಿನ ಅಳತೆ

ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅಭಿನಂದನ ಸರ್ ಅರ್ಧ ಇಲ್ಲಿ, ಅರ್ಧ ಜಿನೀವಾದ ನೆಲದಡಿಯ ಸುರಂಗದಲ್ಲಿ ಇರುವ ಮನುಷ್ಯ. ತೊಂಬತ್ತೆರಡರಲ್ಲಿ ಅಲ್ಲಿ ಒಂದು ವರ್ಷ ಇದ್ದು, ಉಂಗುರದಂಥ ದೊಡ್ಡ ಯಂತ್ರದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸಿ, ಝಡ್ ಬೋಸಾನ್ ಎಂಬ ಕ್ಷಣಮಾತ್ರ ಬಾಳುವ ಕಣಕ್ಕೆ ಯಾವ ಕಣದ ಕೂಡ ಎಷ್ಟು ನಂಟು ಎಂದು ಅಳೆಯುವವರ ಜೊತೆ ದುಡಿದು ಬಂದವರು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅದೇ ಗುಂಗು. "ಶಿವವ್ವಾ, ಹುಣ್ಣಿಮಿ ಚಂದ್ರ ಜಗ್ಗಿದ್ರ ಆ ಯಂತ್ರದ ಉಂಗುರನೂ ಕೂದಲೆಳಿಯಷ್ಟು ಹಿಗ್ಗತೈತಿ" ಎಂದರೆ ಕಾಯಿಪಲ್ಲೆ ಮಾರುವ ಅವಳು, "ಚಂದಪ್ಪ ಇರ್ಲಿ, ಚೀಲ ತಗೀರಿ ಸರ್ರ" ಅನ್ನುತ್ತಾಳೆ. ಕ್ಲಾಸಿನಲ್ಲಿ ಅವರ ಮಾತು ಒಂದೇ: "ಕೆಲವು ಕಣ ಕಣ್ಣಿಗೆ ಬೀಳೂದಿಲ್ಲ. ಲೆಕ್ಕದಾಗ ಎಷ್ಟು ಕಡಿಮಿ ಬಿತ್ತು ಅನ್ನೂದರ ಮ್ಯಾಲ ಅವುಗಳ ನಂಟು ಅಳೀಬೇಕು." ಜೈನರ ಮನೆ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವಂತಿಲ್ಲ. ಆದರೂ ಸಂಜೆ ಹುಕ್ಕೇರಿ ಬಸ್ಸು ಬರುವತನಕ ಸರ್ ಬಸ್ಸಿನ ದಾರಿಗೆ ಹತ್ತಿದ ಮನೆಕಟ್ಟೆ ಬಿಟ್ಟು ಏಳುವುದಿಲ್ಲ; ಬಸ್ಸು ತಡವಾದರೆ ಅಂದು ಉಪವಾಸ. ಬೇರೆ ಜಾತಿಯವನನ್ನು ಮದುವೆಯಾಗಿ ಹುಕ್ಕೇರಿ ಸೇರಿದ ಮಗಳು ರೂಪಾಲಿಯ ಹೆಸರು ಮನೆಯಲ್ಲಿ ಎತ್ತಬಾರದೆಂದವರೂ ಇವರೇ. ನಿನ್ನೆ ಬಸ್ಸು ಬರುವ ಮೊದಲೇ ಮತ್ತೆ ಕತ್ತಲಾಯಿತು. ಮುಚ್ಚಿಟ್ಟ ತಾಟು ಒಳಗೆ ಒಯ್ಯುತ್ತಾ ಹೆಂಡತಿ ರಾಜಮತಿ ಅಂದರು: "ಬೋಸಾನ್ ಅಳದದ್ದು ಸಾಕ್ರಿ. ಈ ತಿಂಗಳು ಎಷ್ಟು ಸಂಜಿ ಉಪಾಸ ಬಿದ್ರಿ, ಅದನ್ನ ಅಳೀರಿ." ಸರ್ ತಲೆಯೆತ್ತಿ ಚಂದ್ರನನ್ನು ನೋಡಿದರು. ಆಮೇಲೆ ಕೇಳಿದರು: "ಮುಂಜಾನಿ ಹುಕ್ಕೇರಿಗೆ ಮದಲ್ನೇ ಬಸ್ಸು ಎಷ್ಟಕ್ಕ ಐತಿ?"